ಗೋಡೆಯಾಚೆಯ ಕಂಪ್ಯೂಟರ್

ನನಗೊಂದು ವಿಚಿತ್ರ ಚಟವಿದೆ. ಮನೆಯಲ್ಲಿ ಯಾವ ಯಂತ್ರ ನಿಧಾನವಾದರೂ ಸರಿ, ಮೊದಲು ಹೋಗಿ ಗೋಡೆಗೆ ಕಿವಿ ಹಚ್ಚುತ್ತೇನೆ. ಮೊನ್ನೆ ಮೊಬೈಲಿನಲ್ಲಿ ಯಾರದೋ ಮದುವೆಯ ವಿಡಿಯೊ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ನಿಂತುಬಿಟ್ಟಾಗಲೂ ಹಾಗೇ ಮಾಡಿದೆ. ನೆಲ ಒರೆಸುತ್ತಿದ್ದ ಶಾಂತಮ್ಮ ಕೈಯಲ್ಲಿದ್ದ ಅರಿವೆ ಬಿಟ್ಟು, "ಯಾಕ್ರೀ ಅಮ್ಮಾರ, ಗ್ವಾಡಿ ಏನರ ಅಂತದೇನ್ರಿ?" ಎಂದು ಕೇಳಿದಳು. ಅವಳಿಗೆ ಏನು ಹೇಳಲಿ? ಹೇಳಲು ಹೋದರೆ ಆಳಂದದ ಮನೆ, ಅಫಜಲಪುರದ ನೆಗೆಣ್ಣಿ, ಕರಿ ತಂತಿ, ಎಲ್ಲ ಹೇಳಬೇಕಾಗುತ್ತದೆ. ಅವಳು ಇನ್ನೂ ಎರಡು ಮನೆಗೆ ಹೋಗಬೇಕಿತ್ತು. ನಿಮಗೆ ಪುರುಸೊತ್ತು ಇದ್ದ ಹಾಗೆ ಕಾಣುತ್ತದೆ, ನಿಮಗೇ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಆಳಂದದಲ್ಲಿ ನಮ್ಮದೊಂದು ಕಂಪ್ಯೂಟರ್ ಕ್ಲಾಸು. ಅದಕ್ಕೂ ಮುಂಚೆ ಅದು ಟೈಪಿಂಗ್ ಕ್ಲಾಸಾಗಿತ್ತು. ಟೈಪ್‌ರೈಟರುಗಳ ಕಾಲ ಮುಗಿಯಿತು ಎಂದು ಯಾರೋ ನಮ್ಮವರ ಕಿವಿಯಲ್ಲಿ ಹೇಳಿದ್ದೇ ತಡ, ಅವನ್ನೆಲ್ಲ ಅಟ್ಟಕ್ಕೇರಿಸಿ, ಹಳೆಯ ಕಂಪ್ಯೂಟರುಗಳನ್ನು ಸೋಲಾಪುರದಿಂದ ತಂದು ಸಾಲಾಗಿ ಕೂಡಿಸಿದರು. ಕಲಿಸುವ ಕೆಲಸ ನನ್ನದು. ಜೇವರ್ಗಿಯಲ್ಲಿ ಹುಡುಗಿಯಾಗಿದ್ದಾಗಲೇ ನಾನು ಟೈಪಿಂಗ್ ಪಾಸು ಮಾಡಿದ್ದೆ. ಎ ಎಸ್ ಡಿ ಎಫ್ ಎಂದು ಹೇಳಿಕೊಡುವುದಕ್ಕೆ ಯಂತ್ರ ಯಾವುದಾದರೇನು, ಬೆರಳು ಅವೇ ಅಲ್ಲವೇ?

ಮಾವನವರು ತೀರಿಕೊಂಡ ಮೇಲೆ ಮನೆ ಎರಡಾಯಿತು. ಅಲ್ಲಿಯ ತನಕ ಪಡಸಾಲೆಯಲ್ಲಿ ನಡೆಯುತ್ತಿದ್ದ ಕ್ಲಾಸಿಗೆ ಬೇಕೆಂದು, ರಸ್ತೆಗೆ ಮುಖವಿದ್ದ ಖೋಲಿ ನಮಗೆ ಬಂತು. ಪಡಸಾಲೆ, ಹಿತ್ತಲು, ಬಾವಿ ಭಾವನವರ ಪಾಲಿಗೆ. ನಡುವೆ ಗೋಡೆ ಎದ್ದಿತು. ಅಣ್ಣತಮ್ಮಂದಿರು ಏನೂ ಆಗದವರಂತೆ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಕೂಡಿ ಚಹಾ ಕುಡಿಯುತ್ತಿದ್ದರು. ಮಾತು ಬಿಟ್ಟದ್ದು ಹೆಂಗಸರು ನಾವು. ಭಾವನವರ ಹೆಂಡತಿ, ಎಂದರೆ ನನ್ನ ಹಿರಿಯ ನೆಗೆಣ್ಣಿ ಮಹಾದೇವಿ ಅಕ್ಕ, ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಆಚೆ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಇಬ್ಬರೂ ಆಚೆ ನೋಡುತ್ತ ನೋಡುತ್ತ ಒಂದು ಸಲ ಕಿರಾಣಿ ಅಂಗಡಿಯ ಮುಂದೆ ಡಿಕ್ಕಿ ಹೊಡೆದುಕೊಂಡೆವು. ಆಗಲೂ ಮಾತಾಡಲಿಲ್ಲ.

ಮನೆ ಒಡೆದರೂ ಒಂದು ತಂತಿ ಮಾತ್ರ ಒಡೆಯಲಿಲ್ಲ. ಮನೆ ಒಂದೇ ಇದ್ದಾಗ ಅವರ ಮಗಳು ಗೌರಿಗೆ ಭಾವನವರು ಒಂದು ಕಂಪ್ಯೂಟರ್ ಕೊಡಿಸಿದ್ದರು. ಅವಳ ಕಾಲೇಜಿನ ಬರಹ ಕ್ಲಾಸಿನ ಪ್ರಿಂಟರಿನಲ್ಲಿ ಬರಲಿ ಎಂದು ನಮ್ಮವರೇ ಅದನ್ನು ನಮ್ಮ ನೆಟ್‌ವರ್ಕಿಗೆ ಜೋಡಿಸಿದ್ದರು. ಗೋಡೆ ಕಟ್ಟುವಾಗ ಗೌಂಡಿಗೆ ಹೇಳಿ, ತಂತಿ ಹಾಯುವಷ್ಟು ತೂತು ಬಿಡಿಸಿದರು. ಆ ಕಾಲದ ನೆಟ್‌ವರ್ಕ್ ಈಗಿನ ಹಾಗೆ ಗಾಳಿಯಲ್ಲಿ ಇರುತ್ತಿರಲಿಲ್ಲ. ಟಿವಿ ಕೇಬಲಿನಂಥ ಒಂದೇ ಕರಿ ತಂತಿ, ಒಂದು ಕಂಪ್ಯೂಟರಿನ ಬೆನ್ನಿನಿಂದ ಮುಂದಿನದರ ಬೆನ್ನಿಗೆ ಹೋಗುತ್ತಿತ್ತು. ತಂತಿಯ ಎರಡೂ ಕೊನೆಗೆ ಬೆರಳಿನ ತುದಿಯಷ್ಟು ಒಂದೊಂದು ಲೋಹದ ಟೋಪಿ. ಟೋಪಿ ಇಲ್ಲದಿದ್ದರೆ ಯಾವ ಯಂತ್ರಕ್ಕೂ ಇನ್ನೊಂದರ ಸುದ್ದಿ ತಿಳಿಯುವುದಿಲ್ಲ, ಎಲ್ಲ ಮೂಕ. ಒಂದು ಟೋಪಿ ನಮ್ಮ ಖೋಲಿಯಲ್ಲಿತ್ತು. ಇನ್ನೊಂದು ಗೋಡೆಯಾಚೆ, ಗೌರಿಯ ಕಂಪ್ಯೂಟರಿನ ಹಿಂದೆ.

ಆ ಬೇಸಿಗೆಯಲ್ಲಿ ನಮ್ಮ ಕಂಪ್ಯೂಟರುಗಳಿಗೆ ರೋಗ ಬಂತು. ಮುಂಜಾನೆ ಎಲ್ಲ ನೆಟ್ಟಗೆ. ಮಧ್ಯಾಹ್ನದ ಬ್ಯಾಚು ಬಂದು ಕೂತಿತೋ, ಶುರು. ಪಾಠಗಳೆಲ್ಲ ನನ್ನ ಮುಂದಿನ ದೊಡ್ಡ ಕಂಪ್ಯೂಟರಿನಲ್ಲಿ ಇರುತ್ತಿದ್ದವು, ಹುಡುಗರು ತಮ್ಮ ಜಾಗದಲ್ಲಿ ಕೂತು ತೆರೆಯಬೇಕು. ತೆರೆಯಲು ಒತ್ತಿದರೆ ಪರದೆಯ ಮೇಲೆ ಮರಳಿನ ಗಡಿಯಾರ ಬಂದು ಕೂರುವುದು. ಹುಡುಗರು ಅದನ್ನು ನೋಡುತ್ತ ಕೂರುವರು. ಅವರನ್ನು ನೋಡುತ್ತ ನಾನು. ಕಡಗಂಚಿಯಿಂದ ಬಿಸಿಲಲ್ಲಿ ಬಸ್ಸಿಗೆ ನಿಂತು ಬರುತ್ತಿದ್ದ ಒಬ್ಬ ಹುಡುಗಿ, "ಮೇಡಮ್ಮಾರ, ಬಸ್ಸಿನ್ಯಾಗೂ ಕಾಯೂದು, ಇಲ್ಲೂ ಕಾಯೂದು ಆಗ್ಯಾದ್ರಿ," ಎಂದಳು. ಪರೀಕ್ಷೆ ಹತ್ತಿರವಿತ್ತು. ಗುಲಬರ್ಗಾದಿಂದ ಪರೀಕ್ಷಕರು ಬಂದು, ನಮ್ಮ ಖೋಲಿಯಲ್ಲೇ ಕೂತು, ಗಡಿಯಾರ ಹಿಡಿದು ಟೈಪು ಮಾಡಿಸಿ ನೋಡುವವರು. ಅವರ ಮುಂದೆ ಮರಳಿನ ಗಡಿಯಾರ ಬಂದರೆ ಇಡೀ ಬ್ಯಾಚು ಫೇಲು. ನಮ್ಮ ಕ್ಲಾಸಿನ ಬಾಗಿಲಿಗೂ ಬೀಗ.

ನಮ್ಮವರು ರಿಪೇರಿಗೆ ಇಳಿದರು.  ಮೊದಲು ಸೆಕೆಯ ತಪ್ಪು ಎಂದರು. ಗೋಣಿಚೀಲ ತೋಯಿಸಿ ಕಿಟಕಿಗೆ ಕಟ್ಟಿದರು. ಖೋಲಿ ತಂಪಾಯಿತು, ಹುಡುಗರು ತೂಕಡಿಸಿದರು, ಕಂಪ್ಯೂಟರು ಹಾಗೇ ಇತ್ತು. ಆಮೇಲೆ ಧೂಳಿನ ತಪ್ಪು. ಒಂದೊಂದೇ ಡಬ್ಬಿ ಬಿಚ್ಚಿ, ಸುಣ್ಣ ಬಳಿಯುವ ಬ್ರಶ್ಶಿನಿಂದ ಝಾಡಿಸಿದರು. ಮತ್ತೆ ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದವು. "ಇವು ಸುಮ್ಕ ಹೆಚ್ಚಿಗಿ ಹಾಕಿರ್ತಾರ," ಎಂದು ಜೇಬಿಗೆ ಹಾಕಿಕೊಂಡರು. ಕೊನೆಗೆ ವೈರಸ್ಸಿನ ತಪ್ಪು. ಆ ಶಬ್ದ ಊರಿಗೆ ಹೊಸದು. ಅದನ್ನು ಕೇಳಿದ ಒಬ್ಬ ಹುಡುಗನ ತಾಯಿ, ಅದು ಅಂಟುವ ರೋಗವೇನೋ ಎಂದು, ಮಗನನ್ನು ಎರಡು ದಿನ ಕ್ಲಾಸಿಗೇ ಕಳಿಸಲಿಲ್ಲ.

ಗುಲಬರ್ಗಾದಿಂದ ಇಂಜಿನಿಯರನ್ನು ಕರೆಸಿದೆವು. ಅವನು ಮುಂಜಾನೆಯ ಬಸ್ಸಿಗೆ ಬಂದ. ಮುಂಜಾನೆ ಎಲ್ಲ ನೆಟ್ಟಗಿರುತ್ತಿತ್ತು ಎಂದು ಹೇಳಿದೆನಲ್ಲ. ಎಲ್ಲ ಯಂತ್ರ ಓಡಿಸಿ ನೋಡಿ, ಉಪ್ಪಿಟ್ಟು ತಿಂದು, "ಏನೂ ಆಗಿಲ್ರಿ, ಮಸ್ತ್ ನಡದಾವ್ರಿ," ಎಂದ. ಮಧ್ಯಾಹ್ನದವರೆಗೆ ಇರಪ್ಪಾ ಎಂದರೆ, ಅವನಿಗೆ ಅಫಜಲಪುರದಲ್ಲಿ ಬೇರೆ ಕೆಲಸವಿತ್ತಂತೆ. ಅವನ ಬಸ್ಸು ಊರ ಹೊರಗಿನ ತಿರುವು ದಾಟುವ ಹೊತ್ತಿಗೆ ಮರಳಿನ ಗಡಿಯಾರ ಬಂದು ಕೂತಿತು. ಡಾಕ್ಟರ ಮುಂದೆ ಕೂತ ಕೂಡಲೇ ನಿಂತುಹೋಗುವ ಹಲ್ಲುನೋವು ನಿಮಗೂ ಗೊತ್ತಿರಬಹುದು.

ಜೇವರ್ಗಿಯ ನಮ್ಮ ಓಣಿಯಲ್ಲಿ ಒಂದೇ ಪೈಪಿನಿಂದ ಎಲ್ಲರ ಮನೆಗೆ ನಳ. ಮೇಲಿನ ಮನೆಯವರು ತಮ್ಮ ನಳ ಬಿಟ್ಟರೆ ನಮ್ಮ ನಳದಲ್ಲಿ ನೀರು ನೂಲಿನಷ್ಟಾಗುತ್ತಿತ್ತು. ಆಗ ಅವ್ವ ಕೊಡವನ್ನು ಅಲ್ಲೇ ಬಿಟ್ಟು, ಓಣಿಯ ನಡುವೆ ನಿಂತು, ಯಾರ ಮನೆಯೊಳಗೆ ನೀರಿನ ಸಪ್ಪಳ ಆಗುತ್ತಿದೆ ಎಂದು ಕಿವಿಗೊಡುತ್ತಿದ್ದಳು. ಯಾರನ್ನೂ ಬೈಯುತ್ತಿರಲಿಲ್ಲ. ಆ ಮನೆಯ ಬಾಗಿಲಲ್ಲಿ ಖಾಲಿ ಕೊಡ ಹಿಡಿದು ನಿಲ್ಲುತ್ತಿದ್ದಳು, ಅಷ್ಟೆ. ಮಧ್ಯಾಹ್ನದ ಹೊತ್ತಲ್ಲಿ ಸಾಲಾಗಿ ಮಿಕಿಮಿಕಿ ನೋಡುತ್ತ ಕೂತ ಹುಡುಗರ ಮುಂದೆ ನನಗೆ ಅವ್ವನ ನೆನಪಾಯಿತು. ಕೋಪದಲ್ಲಿ ಗೋಡೆಗೆ ತಲೆ ಹಚ್ಚಿ ನಿಂತೆ. ಆಗ ಕೇಳಿಸಿತು. ತಂತಿ ಹಾಯ್ದ ತೂತಿನ ಆಚೆಯಿಂದ, ಕಂಪ್ಯೂಟರು ಚಾಲೂ ಆಗುವಾಗ ಬಾರಿಸುವ ಆ ಸಣ್ಣ ಸಂಗೀತ. ಅದು ಮುಗಿದು ಸ್ವಲ್ಪ ಹೊತ್ತಿಗೆ ನಮ್ಮ ಪರದೆಗಳೆಲ್ಲ ನಿಂತವು.

ಮರುದಿನವೂ ಕಿವಿಗೊಟ್ಟೆ. ಅದೇ ಸಂಗೀತ, ಅದೇ ನಿಧಾನ. ನಮ್ಮವರಿಗೆ ಹೇಳಿದೆ. ಅವರು ಹೋಟೆಲಿನಲ್ಲಿ ಅಣ್ಣನನ್ನು ಕೇಳಿಕೊಂಡು ಬಂದರು.

"ಅಣ್ಣ ಅಂತಾನ, ಅದನ್ನ ಯಾರೂ ಹಚ್ಚೂದೇ ಇಲ್ಲಂತ. ಗೌರಿ ಗುಲಬರ್ಗಾದಾಗ ಹಾಸ್ಟೆಲಿನ್ಯಾಗ ಅದಾಳ, ಮನ್ಯಾಗ ಮತ್ಯಾರಿಗಿ ಬರ್ತದ ಅಂದ."

"ಹಂಗಾದ್ರ ನಾ ಕೇಳಿದ್ದೇನು?"

"ನಿನ್ನ ಕಿವಿ ಅದಕ್ಕೇ ಕಾಯ್ಕೊಂಡು ಕುಂತದ. ಏನರ ಕೇಳ್ತದ."

"ಪರೀಕ್ಷಾ ಮುಗಿಯೂತನ ಅದನ್ನ ಬಂದ್ ಇಡ್ರಿ ಅಂತ ಹೇಳಿ ಬರ್ರಿ."

"ಹಚ್ಚೂದೇ ಇಲ್ಲ ಅನ್ನೋರಿಗೆ ಬಂದ್ ಇಡ್ರಿ ಅಂತ ಹ್ಯಾಂಗ ಹೇಳ್ಲಿ?"

  ಸಿಟ್ಟಿಗೆ ಎದ್ದುಹೋಗಿ, ಗೋಡೆಗೆ ಹೋಗುವ ತಂತಿಯನ್ನು ನಮ್ಮ ಕೊನೆಯ ಕಂಪ್ಯೂಟರಿನಿಂದ ಕಿತ್ತೆ. ಪೀಡೆ ಹೋಯಿತು ಎಂದು ತಿರುಗಿ ನೋಡುತ್ತೇನೆ, ಮೊದಲು ನಿಧಾನವಾಗಿಯಾದರೂ ನಡೆಯುತ್ತಿದ್ದದ್ದು ಈಗ ಪೂರ್ತಿ ಸತ್ತಿತ್ತು. ತಂತಿ ಕಡಿದ ಕೊನೆಗೆ ಟೋಪಿ ಬೇಕು. ಆ ಟೋಪಿ ಗೋಡೆಯಾಚೆ. ಇಂಜಿನಿಯರಿಗೆ ಫೋನು ಮಾಡಿದರೆ, "ಟೋಪಿ ಹೈದ್ರಾಬಾದಿನಿಂದ ತರಸ್ಬೇಕ್ರಿ, ಎಂಟ್ಹತ್ತು ದಿನ ಆಗ್ತದ್ರಿ," ಎಂದ. ಪರೀಕ್ಷೆಗೆ ಅಷ್ಟು ದಿನ ಉಳಿದಿರಲಿಲ್ಲ. ನಮ್ಮವರು, ಸೋಲಾಪುರದಲ್ಲಿ ಸಿಕ್ಕೇ ಸಿಗುತ್ತದೆ ಎಂದು ಮರುದಿನ ಬಸ್ಸು ಹತ್ತಿದರು. ಮನೆಯಲ್ಲಿ ಕಷ್ಟ ಬಂದಾಗ ಬಸ್ಸು ಹತ್ತುವುದು ಅವರ ಪದ್ಧತಿ.

ಅವರು ಹೋದ ಕೂಡಲೇ ನಾನು ಕಿತ್ತ ತಂತಿಯನ್ನು ಮತ್ತೆ ಜೋಡಿಸಿದೆ. ಮಧ್ಯಾಹ್ನ ಮರಳಿನ ಗಡಿಯಾರ ಬಂದು ಕೂತ ಮೇಲೆ, ಹುಡುಗರಿಗೆ ಸುಮ್ಮನೆ ಕೂರಲು ಹೇಳಿ, ಭಾವನವರ ಬಾಗಿಲಿಗೆ ಹೋಗಿ ಚಿಲಕ ಬಡಿದೆ.  

ಬಾಗಿಲು ತೆಗೆದವರು ಮಹಾದೇವಿ ಅಕ್ಕನೇ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರು ಸತ್ರು?" ಎಂದರು.

"ಯಾರೂ ಸತ್ತಿಲ್ಲರಿ ಅಕ್ಕಾ. ಗೌರಿ ಕಂಪ್ಯೂಟರ್ ನೋಡಬೇಕಾಗಿತ್ತು."

ಅವರ ಮುಖ ಬದಲಾಯಿತು. ಬೇಡ ಎನ್ನುತ್ತಾರೆ ಎಂದುಕೊಂಡೆ. ಆದರೆ ದಾರಿ ಬಿಟ್ಟರು. ಒಳಗೆ ಗೌರಿಯ ಖೋಲಿಯಲ್ಲಿ ಕಂಪ್ಯೂಟರು ಚಾಲೂ ಇತ್ತು. ಮುಂದೆ ಕುರ್ಚಿ, ಕುರ್ಚಿಯ ಮೇಲೆ ಮಡಚಿಟ್ಟ ಕೌದಿ, ಪಕ್ಕದಲ್ಲಿ ನೀರಿನ ತಂಬಿಗೆ. ಪರದೆಯ ಮೇಲೆ ನಮ್ಮ ಕ್ಲಾಸಿನ ಪಾಠ. ನಾನೇ ಮಾಡಿಟ್ಟ ಪಾಠ, ಎ ಎಸ್ ಡಿ ಎಫ್ ಜಿ ಎಫ್, ಸಾಲಿಗೆ ಸಾಲು. ಅದರ ಕೆಳಗೆ ಯಾರೋ ಹೊಡೆದ ಸಾಲುಗಳು, ಅಲ್ಲಲ್ಲಿ ತಪ್ಪು, ಆದರೆ ಪುಟ ತುಂಬ.

ನಾನು ಅಕ್ಕನ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ಯಾರು ಹೊಡದದ್ರಿ ಇದು?"

"ಬೆಕ್ಕು ಹೊಡದದ," ಎಂದರು. ಆಮೇಲೆ, "ಗೌರಿ ಹೋದ ಮ್ಯಾಲ ಈ ಮಷಿನ್ ಸುಮ್ಕ ಕುಂತಿತ್ತು. ನಾನೂ ಸುಮ್ಕ ಕುಂತಿದ್ದೆ. ನಿನ್ನ ಪಾಠ ಎಲ್ಲಿ ಇರ್ತಾವ, ಹ್ಯಾಂಗ ತೆಗೀಬೇಕು ಅಂತ ರಜಾದಾಗ ಮನಿಗಿ ಬಂದಾಗ ಅಕಿ ತೋರಿಸಿ ಹೋಗ್ಯಾಳ. ಬಾಕಿದು ಆ ತೂತಿನ್ಯಾಗಿಂದ ಕೇಳ್ತದ. ನೀ ಆ ಕಡೆ ಹೇಳ್ತಿ, ನಾ ಈ ಕಡೆ ಬಡೀತೀನಿ."

ನಾನು ಕೌದಿಯ ಕುರ್ಚಿಯ ಮೇಲೆಯೇ ಕೂತೆ.

"ಮ್ಯಾಟ್ರಿಕ್ ಪಾಸಾದ ವರ್ಷ ಟೈಪಿಂಗ್ ಕಲೀತೀನಿ ಅಂದಿದ್ದೆ," ಎಂದರು ಅಕ್ಕ, ಇನ್ನೂ ಕಿಟಕಿಯ ಕಡೆಯೇ ನೋಡುತ್ತ. "ಅಫಜಲಪುರದಾಗ ನಮ್ಮ ಮನಿ ಎದುರಿಗೇ ಕ್ಲಾಸ್ ಇತ್ತು. ನಮ್ಮಪ್ಪ ನನಗ ಲಗ್ನದ ಸೀರಿ ತಂದ. ಆಮ್ಯಾಲ ಈ ಮನಿಗಿ ನೀ ಬಂದಿ, ಸರ್ಟಿಫಿಕೇಟ್ ಹಿಡ್ಕೊಂಡು. ಅತ್ತಿಯವರು ಬಂದವರಿಗೆಲ್ಲ ನಿನ್ನ ಸರ್ಟಿಫಿಕೇಟ್ ತೋರಿಸೋರು, ನಾ ಅವರಿಗಿ ಚಹಾ ಕೊಡಾಕಿ."

 ನನ್ನ ಬಾಯಿಂದ ಬಂದದ್ದು ಕಂಪ್ಯೂಟರಿನ ಮಾತೇ. ನೀವು ಹಚ್ಚಿದ ಕೂಡಲೇ ನಮ್ಮವೆಲ್ಲ ನಿಲ್ಲುತ್ತವೆ, ಪರೀಕ್ಷೆ ಬಂದಿದೆ ಎಂದೆ.

"ನಂದೂ ನಿಂತೇ ಇರ್ತದ," ಎಂದರು. "ಒಂದು ಪಾಠ ತೆಗೀಬೇಕಂದ್ರ ಒಲಿ ಮ್ಯಾಲ ಬ್ಯಾಳಿ ಬೇಯ್ತದ. ನೀನೇ ಆ ಕಡೆ ಕುಂತು ಬೇಕಂತ ಮಾಡಾಕತ್ತಿ ಅನ್ಕೊಂಡಿದ್ದೆ."

ಅಂದರೆ ಇಷ್ಟು ದಿನ ಗೋಡೆಯ ಎರಡೂ ಕಡೆ ಒಂದೇ ಸಿಟ್ಟು ಕೂತಿತ್ತು. ನನಗೆ ನಗು ಬರಲಿಲ್ಲ. ತಲೆನೋವು ಬಂತು.

ಯಂತ್ರದ ತಪ್ಪೋ ತಂತಿಯ ತಪ್ಪೋ ತಿಳಿಯಬೇಕಾದರೆ ಎರಡೂ ಕಡೆ ಒಬ್ಬೊಬ್ಬರು ಇರಬೇಕು. ಅಕ್ಕನನ್ನು ಅಲ್ಲಿ ಬಿಟ್ಟು ನಾನು ಕ್ಲಾಸಿಗೆ ಓಡಿಬಂದು ತೂತಿಗೆ ಬಾಯಿ ಹಚ್ಚಿದೆ. ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಅಕ್ಕಾ, ಬಂದ್ ಮಾಡ್ರಿ."

"ಮಾಡೀನಿ."

ಪಾಠ ತೆರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು.

"ಈಗ ಚಾಲೂ ಮಾಡ್ರಿ."

ಸಂಗೀತ ಕೇಳಿಸಿತು. ಮರಳಿನ ಗಡಿಯಾರ ಬಂತು.

"ಈಗ ಹಿಂದ ಕೈ ಹಾಕ್ರಿ. ತಂತಿ ಬಂದು ಕೂಡಿದ್ದು ಒಂದು ಕೊಂಡಿ ಅದ. ಅದನ್ನ ಹಿಡದು, ತಿರುವಿ, ಡಬ್ಬಿಯಿಂದ ಬಿಚ್ಚರಿ. ಬಾಜೂಕ ಟೋಪಿ ಅದ, ಅದನ್ನ ತೆಗೀಬ್ಯಾಡ್ರಿ."

ಆಚೆ ತಡಕಾಡುವ ಸಪ್ಪಳ. ಆಮೇಲೆ ನಮ್ಮ ಎಲ್ಲ ಪರದೆಗಳೂ ಒಟ್ಟಿಗೆ ಮೂಕವಾದವು.

"ಏನು ತಗದ್ರಿ?"

"ಟೋಪಿ."

"ಟೋಪಿ ತೆಗೀಬ್ಯಾಡ್ರಿ ಅಂದಿದ್ನಲ್ರಿ."

"ಈ ತೂತಿನ್ಯಾಗ ನಿನ್ನ ಮಾತು ಅರ್ಧಾ ಬರ್ತದ. ಟೋಪಿ ತೆಗೀ ಅನ್ನೂದು ಬಂತು, ಬ್ಯಾಡ ಅನ್ನೂದು ಅಲ್ಲೇ ಉಳೀತು."

"ಮತ್ತ ಹಾಕ್ರಿ."

"ಕೆಳಗ ಬಿದ್ದದ. ತಡಿ, ಹುಡಕ್ತೀನಿ. ಕತ್ತಲಾಗ ಮಂಚದ ಬುಡಕ ಹೋಗ್ಯಾದ."

ಇಡೀ ಬ್ಯಾಚಿನ ಭವಿಷ್ಯ ಮಂಚದ ಕೆಳಗೆ ಉರುಳಿ ಹೋಗಿತ್ತು. ಆಚೆ ಮಂಚ ಎಳೆಯುವ ಸಪ್ಪಳ, ಟ್ರಂಕು ಸರಿಸುವ ಸಪ್ಪಳ, ಅಕ್ಕ ಯಾರನ್ನೋ ಬೈಯುವ ಸಪ್ಪಳ. ನನ್ನನ್ನೇ ಇರಬೇಕು. ಕಡಗಂಚಿಯ ಹುಡುಗಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗು ತಡೆಯುತ್ತಿದ್ದಳು. ನಾನು ಗದರಿಸಿದೆ. ಕೊನೆಗೆ, "ಸಿಕ್ತು," ಎಂಬ ದನಿ. ಟೋಪಿ ತನ್ನ ಜಾಗಕ್ಕೆ ಹೋಯಿತು. ಈ ಸಲ ಕೊಂಡಿ ಮಾತ್ರ ಡಬ್ಬಿಯಿಂದ ಬಿಚ್ಚಿಕೊಂಡು ಹೊರಗೆ ಬಂತು.

ಪಾಠ ತೆರೆದೆ. ಸರಕ್ಕನೆ ಬಂತು. ಎಲ್ಲ ಹುಡುಗರಿಗೂ ತೆರೆಯಲು ಹೇಳಿದೆ. ಎಲ್ಲರಿಗೂ ಬಂತು. ತಂತಿಯ ತಪ್ಪಲ್ಲ, ಗೌರಿಯ ಯಂತ್ರದ ತಪ್ಪು. ಅದರ ಒಳಗೆ ಏನೋ ಕೆಟ್ಟು, ಚಾಲೂ ಮಾಡಿದರೆ ಸಾಕು, ತಂತಿಯ ತುಂಬ ಗದ್ದಲ ಎಬ್ಬಿಸುತ್ತಿತ್ತು. ಕೊಂಡಿ ಬಿಚ್ಚಿ ಹಾಗೇ ಬಿಟ್ಟರೆ ಯಾರಿಗೂ ತೊಂದರೆಯಿಲ್ಲ.

"ಸರಿ ಆಯ್ತೇನು?" ಎಂದರು ಅಕ್ಕ.

"ಆಯ್ತ್ರಿ. ಅದನ್ನ ಹಂಗೇ ಬಿಡ್ರಿ."

ಆಚೆಯಿಂದ ಕುರ್ಚಿ ಎಳೆದ ಸಪ್ಪಳ ಬಂತು. ಆಮೇಲೆ, "ಹಂಗಾದ್ರ ನನಗ ಪಾಠ ಹ್ಯಾಂಗ ಬರಬೇಕು?"

 ಕ್ಲಾಸಿಗೇ ಬರ್ರಿ ಎಂದೆ. "ಆ ಖೋಲ್ಯಾಗ ನಾ ಕಾಲ ಇಡಂಗಿಲ್ಲ," ಎಂದರು. ಮದುವೆಯಾಗಿ ಬಂದಾಗಿನಿಂದ ಗೋಡೆ ಏಳುವ ತನಕ ಅವರು ಇದ್ದದ್ದು ಆ ಮುಂದಿನ ಖೋಲಿಯಲ್ಲಿ. ಗೌರಿ ಹುಟ್ಟಿದ್ದೂ ಅಲ್ಲಿ. 

ಪರೀಕ್ಷೆ ಚೆನ್ನಾಗಿ ಆಯಿತು. ಪರೀಕ್ಷಕರು ಗಡಿಯಾರ ನೋಡಿದರು, ಹುಡುಗರು ಬಡಿದರು, ಪ್ರಿಂಟರು ಹಾಳೆ ಉಗುಳಿತು. ನಮ್ಮವರು ಸೋಲಾಪುರದಿಂದ ಟೋಪಿಯ ಬದಲು ಒಂದು ಟೇಬಲ್ ಫ್ಯಾನು ತಂದಿದ್ದರು. ಅದನ್ನು ಪರೀಕ್ಷಕರ ಮುಂದೆ ಇಟ್ಟೆವು.

ನನ್ನ ಗೋಳು ಅಲ್ಲಿಗೆ ಮುಗಿಯಲಿಲ್ಲ. ಇಂಜಿನಿಯರು ಬಂದು ಗೌರಿಯ ಕಂಪ್ಯೂಟರಿಗೆ ತಂತಿ ಕೂಡುವ ಹೊಸ ಕಾರ್ಡು ಹಾಕಿದ. ಕೊಂಡಿ ಸಿಕ್ಕಿಸಿದ, ಮತ್ತೆ ಎಲ್ಲ ನಿಂತವು. ಇನ್ನೊಂದು ಕಾರ್ಡು ಹಾಕಿದ, ಹಾಗೇ. "ಈ ಮಷಿನ್ ಲೈನಿಗಿ ಕೂಡಂಗಿಲ್ರಿ, ಒಂಟಿಯಾಗೇ ಇರ್ಬೇಕ್ರಿ," ಎಂದು ಕೈಕೊಡವಿಕೊಂಡು ಹೋದ. ಆಮೇಲೆ ನಾನು ಪಾಠಗಳನ್ನು ಫ್ಲಾಪಿಗೆ ಹಾಕಿಕೊಂಡು ಅಕ್ಕನ ಮನೆಗೆ ಒಯ್ಯಲು ಶುರು ಮಾಡಿದೆ. ಫ್ಲಾಪಿ ಎಂಥ ಜಾತಿಯ ವಸ್ತು ಎಂಬುದು ಬಳಸಿದವರಿಗೆ ಗೊತ್ತು. ಬಿಸಿಲು ತಾಗಿದರೆ ಕೆಡುತ್ತದೆ, ಧೂಳು ಹೊಕ್ಕರೆ ಕೆಡುತ್ತದೆ, ಸುಮ್ಮನಿಟ್ಟರೂ ಕೆಡುತ್ತದೆ. ಒಮ್ಮೆ ಅಕ್ಕ ಅದರ ಮೇಲೆ ಬಿಸಿ ರೊಟ್ಟಿಯ ಬುಟ್ಟಿ ಇಟ್ಟಿದ್ದರು. ಅದು ಕೆಟ್ಟಿದೆ ಎಂದರೆ, "ನೀ ಕೆಟ್ಟದ್ದೇ ಕೊಟ್ಟಿ," ಎಂದರು. ನಾನು ಮಾಡಿದ ಪಾಠದಲ್ಲಿ ತಪ್ಪು ಹಿಡಿದರು. ತಾವು ಹೊಡೆದದ್ದರಲ್ಲಿ ನಾನು ತಪ್ಪು ಹಿಡಿದರೆ ಊಟಕ್ಕೆ ಏಳು ಎನ್ನಲಿಲ್ಲ. ಮಾತು ಬಿಟ್ಟಿದ್ದ ದಿನಗಳೇ ಎಷ್ಟು ಹಗುರ ಇದ್ದವು ಎಂದು ನನಗೆ ಎಷ್ಟೋ ಸಲ ಅನಿಸಿತು.

ಒಂದು ದಿನ ಸಹನೆ ಮೀರಿತು. "ಅಕ್ಕಾ, ನಾ ಇನ್ನ ಫ್ಲಾಪಿ ತರಂಗಿಲ್ರಿ. ಕಲೀಬೇಕಂದ್ರ ನೀವೇ ಬರ್ರಿ, ಇಲ್ಲಾಂದ್ರ ಬಿಡ್ರಿ," ಎಂದುಬಿಟ್ಟೆ. ಅವರು ಹಿಟ್ಟು ನಾದುತ್ತಿದ್ದರು, ನಾದುತ್ತಲೇ ಇದ್ದರು. ನಾನು ಎದ್ದು ಬಂದೆ. ಮತ್ತೆ ಮಾತು ಹೋಯಿತು ಎಂದುಕೊಂಡೆ. ಆದರೆ ಕೆಲವು ದಿನಗಳ ಮೇಲೆ ಭಾವನವರು ಹೋಟೆಲಿನಲ್ಲಿ ನಮ್ಮವರ ಹತ್ತಿರ, ಹೊಸ ಬ್ಯಾಚು ಯಾವಾಗ ಶುರು, ಹೆಸರು ಯಾರ ಹತ್ತಿರ ಬರೆಸಬೇಕು ಎಂದು ಕೇಳಿದರಂತೆ.

ಅಕ್ಕ ಆ ಬ್ಯಾಚಿನಲ್ಲಿ ಪಾಸಾದರು. ನಾನು ಕಲಿಸಿದವರಲ್ಲಿ ಅಷ್ಟು ಜಗಳ ಆಡಿ ಕಲಿತವರು ಇನ್ನೊಬ್ಬರಿಲ್ಲ. ಗೋಡೆ ಇದ್ದ ಹಾಗೇ ಇತ್ತು, ಅದನ್ನು ಕೆಡವುವ ಮಾತು ಯಾರೂ ಎತ್ತಲಿಲ್ಲ. ಆದರೆ ನನಗೆ ಹೇಳಬೇಕಾಗಿದ್ದು ಮೊದಲ ದಿನದ ಮಾತು.

ಅವತ್ತು ಅವರು ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ರಸ್ತೆಯ ಕಡೆಯಿಂದ ಸುತ್ತಿ ಮುಂಬಾಗಿಲಿಗೆ ಬಂದರು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಸೂರು ನೋಡಿದರು, ಮೂಲೆಯ ಗೂಡು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ತಮ್ಮ ಮಗಳಿಗಿಂತ ಸಣ್ಣವರ ನಡುವೆ ಒಂದು ಕುರ್ಚಿ ಎಳೆದುಕೊಂಡು ಕೂತರು.

ನಾನು ಹಾಜರಿ ತೆಗೆದುಕೊಂಡೆ. ಹುಡುಗರು ಒಬ್ಬೊಬ್ಬರೇ "ಹಾಜರ್ರಿ", "ಹಾಜರ್ರಿ" ಎಂದರು. ಕೊನೆಯ ಹೆಸರಿಗೆ ಬಂದು ನಿಂತೆ. ನಮ್ಮ ಕಡೆ ಹಿರಿಯ ನೆಗೆಣ್ಣಿಯನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಅಕ್ಕಾ ಎನ್ನಲೇ, ಬಿಟ್ಟು ಪಾಠ ಶುರು ಮಾಡಲೇ ಎಂದು ತಿಳಿಯದೆ ಪೆನ್ನು ಹಿಡಿದು ಕೂತೆ. ಹುಡುಗರು ನನ್ನ ಮುಖ ನೋಡತೊಡಗಿದರು.

"ಹೆಸರು ಕರಿ," ಎಂದರು ಅವರು ತಮ್ಮ ಜಾಗದಿಂದ, ಸಣ್ಣ ದನಿಯಲ್ಲಿ. "ಇಲ್ಲಿ ನೀ ಕಲಿಸಾಕಿ, ನಾ ಕಲಿಯಾಕಿ."

"ಮಹಾದೇವಿ," ಎಂದೆ.

ಅವರು ಎದ್ದು ನಿಂತರು. ಸೆರಗು ಹೊದ್ದುಕೊಂಡು, "ಹಾಜರ್ರಿ," ಎಂದರು.